ರಸ್ತೆ ಬಿಟ್ಟವರ ಪತ್ರಿಕೆ

ಮೋಟಾರು ಬೈಕು, ಜೀಪುಗಳನ್ನು ಡಾಂಬರು ರಸ್ತೆಯಿಂದ ಕೆಳಗಿಳಿಸಿ ಗುಡ್ಡ, ಹಳ್ಳ, ಮರಳುಗಾಡುಗಳಲ್ಲಿ ಓಡಿಸುವವರಿಗೆಂದೇ ಪತ್ರಿಕೆಗಳು ಹೊರಡುತ್ತವೆ. ಇಂಥ ತಿರುಗಾಟಕ್ಕೆ ‘ಆಫ್ ರೋಡ್’ ಪ್ರವಾಸವೆಂದು ಹೆಸರು. ಅಂಥದೊಂದು ಹೊಸ ಇಂಗ್ಲಿಷ್ ಪತ್ರಿಕೆ ಈಚೆಗೆ ಕೈಗೆ ಬಂತು. ಕಾಲೇಜು ಹುಡುಗರ ಕೈಯಿಂದ ಕೈಗೆ ದಾಟಿ ಅಂಚು ಮುದುಡಿದ ಪ್ರತಿ. ಮಕ್ಕಳು ಇಷ್ಟು ಮೆಚ್ಚಿ ಓದುವುದರಲ್ಲಿ ಏನಿದೆ ಎಂದು ಪಾಲಕರೂ ಒಮ್ಮೆ ನೋಡುವುದು ಒಳ್ಳೆಯದು.

ಮೊದಲು ಗುಣವನ್ನೇ ಹೇಳೋಣ. ಚಿತ್ರಗಳು ಸೊಗಸಾಗಿವೆ, ನಕಾಶೆಗಳು ಸ್ಪಷ್ಟವಾಗಿವೆ. ಹೊರಡುವ ಮುನ್ನ ಎಷ್ಟು ನೀರು, ಯಾವ ಔಷಧ, ಯಾವ ಪಾನಾ ಜೊತೆಗಿರಬೇಕು ಎಂಬ ಪಟ್ಟಿ ಇದೆ. ಕೆಸರು, ಮರಳಿನಲ್ಲಿ ಹೋಗುವಾಗ ಟಾಯರಿನ ಗಾಳಿಯನ್ನು ಸ್ವಲ್ಪ ಇಳಿಸಬೇಕು ಎಂಬ ಪಾಠವೂ ಇದೆ. ಗಾಳಿ ಇಳಿದರೆ ಟಾಯರು ಅಗಲವಾಗಿ ನೆಲಕ್ಕೆ ಕೂಡುತ್ತದೆ. ಭಾರ ಅಷ್ಟೇ ಇದ್ದರೂ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಒತ್ತಡ ಕಡಿಮೆಯಾಗುತ್ತದೆ, ಗಾಲಿ ಹುಗಿಯುವುದಿಲ್ಲ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸೂತ್ರವೇ ಇಲ್ಲಿ ಕೆಲಸಕ್ಕೆ ಬಂದಿದೆ.

ಆದರೆ ಗದಗ ಸೀಮೆಯ ಓದುಗನಿಗೆ ಒಂದಿಷ್ಟು ನಗೆಯೂ ಬಂದೀತು. ರಸ್ತೆ ಬಿಟ್ಟು ಹೋಗುವುದು ನಮಗೆ ಸಾಹಸವೆಂದು ಗೊತ್ತೇ ಇರಲಿಲ್ಲ! ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ಚಕ್ಕಡಿಗಳು ತಲೆಮಾರುಗಳಿಂದ ಮಾಡಿದ್ದು ಅದನ್ನೇ. ಚಕ್ಕಡಿಯ ಗಾಲಿ ಅಷ್ಟು ಎತ್ತರವಿದ್ದದ್ದು ಚೆಂದಕ್ಕಲ್ಲ. ಗಾಲಿ ದೊಡ್ಡದಾದಷ್ಟೂ ತಗ್ಗು, ಕಲ್ಲುಗಳನ್ನು ಸುಲಭವಾಗಿ ದಾಟುತ್ತದೆ. ನಮ್ಮ ಎರಿ ಹೊಲದ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಳೆ ಬಿದ್ದ ಮರುದಿನ ಅದರಲ್ಲಿ ಬೈಕು ಇಳಿಸಿದವನಿಗೆ ಯಾವ ಪತ್ರಿಕೆಯ ಉಪದೇಶವೂ ಬೇಕಿಲ್ಲ. ಗಾಲಿಗೆ ಸುತ್ತಿಕೊಂಡ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ, ಗಾಡಿಯನ್ನು ನಿಂತಲ್ಲೇ ನಿಲ್ಲಿಸುತ್ತದೆ.

ಇನ್ನು ಕೊರತೆ. ಪುಟಗಳನ್ನು ಮಗುಚಿದಂತೆ ಒಂದು ಸಂಗತಿ ಕಣ್ಣಿಗೆ ಬಡಿಯುತ್ತದೆ. ಎಲ್ಲ ಚಿತ್ರಗಳಲ್ಲೂ ಗಾಡಿ ಇದೆ, ಧೂಳಿದೆ, ಆಕಾಶವಿದೆ; ಆ ನೆಲದ ಮನುಷ್ಯನಿಲ್ಲ. ನೆಲ ಯಾರದು, ಅಲ್ಲಿ ಏನು ಬೆಳೆಯುತ್ತದೆ, ಗುಡ್ಡದ ಹೆಸರೇನು ಎಂಬ ಮಾತಿಲ್ಲ. ರಸ್ತೆಯ ಆಚೆಗಿರುವುದೆಲ್ಲ ಬಯಲು, ಯಾರಾದರೂ ಓಡಾಡಬಹುದು ಎಂಬ ಭಾವನೆ ಎಳೆಯ ಓದುಗನಲ್ಲಿ ಮೂಡಿದರೆ ಆಶ್ಚರ್ಯವಿಲ್ಲ.

ನಮ್ಮ ಸುತ್ತಲೇ ನೋಡಿ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. ತೋಳ, ಕತ್ತೆಕಿರುಬಗಳ ಮನೆ ಅದು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ, ಹಾದುಹೋಗುವ ಸಾರ್ವಜನಿಕ ರಸ್ತೆ ಬಿಟ್ಟು ಒಳಗೆ ಹೋಗಲು ಹೊರಗಿನವರಿಗೆ ಅನುಮತಿ ಬೇಕು. ದೂರದಿಂದ ಬೋಳಾಗಿ ಕಾಣುವ ಗುಡ್ಡದ ಹುಲ್ಲು ಒಂದು ಗಾಲಿಯ ಗೀರಿನಿಂದ ಕಿತ್ತರೆ ಮುಂದಿನ ಮಳೆ ಅಲ್ಲಿಂದಲೇ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಶಿರಹಟ್ಟಿ ಸಮೀಪದ ಮಾಗಡಿ ಕೆರೆಯ ಮಾತೂ ಹಾಗೆಯೇ. ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ಕೆರೆಯಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿ, ಜಗತ್ತಿನ ಮುಖ್ಯ ಜೌಗು ನೆಲೆಗಳಲ್ಲಿ ಒಂದಾಯಿತು. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಯನ್ನು ಸೈಲೆನ್ಸರಿನ ಸದ್ದಿನಿಂದ ಎಬ್ಬಿಸುವುದರಲ್ಲಿ ಯಾವ ಶೌರ್ಯವಿದೆ?

ರಸ್ತೆ ಬಿಟ್ಟು ತಿರುಗಿದವರು ಈ ಸೀಮೆಯಲ್ಲಿ ಹಿಂದೆಯೂ ಇದ್ದರು. ಜೆ. ಎಫ್. ಫ್ಲೀಟರು ಲಕ್ಷ್ಮೇಶ್ವರದ ಶಾಸನಗಳನ್ನು ಓದಿ ಪ್ರಕಟಿಸಿದರು. ಹೆನ್ರಿ ಕಸಿನ್ಸರು ಲಕ್ಕುಂಡಿ, ಡಂಬಳದ ಗುಡಿಗಳನ್ನು ಅಳೆದು, ಚಿತ್ರ ತೆಗೆದು, 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ದೊಡ್ಡ ಗ್ರಂಥವನ್ನೇ ತಂದರು. ಆಲೂರ ವೆಂಕಟರಾಯರು 1905ರಲ್ಲಿ ಹಂಪಿಯ ಹಾಳನ್ನು ಕಂಡು ಬಂದರು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. ಎಷ್ಟು ಮೈಲಿ ನಡೆದೆವೆಂದು ಇವರು ಹೇಳಿಕೊಳ್ಳಲಿಲ್ಲ, ಕಂಡದ್ದನ್ನು ನಮಗೆ ಕೊಟ್ಟರು. ಪ್ರವಾಸದ ಬೆಲೆ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು.

ಪಾಲಕರಿಗೆ ಒಂದು ಮಾತು. ಪತ್ರಿಕೆ ಓದಿದ ಮಗ ಬೈಕಿನ ಕೀಲಿ ಕೇಳಿದರೆ ಮೊದಲು ವಯಸ್ಸು ನೋಡಿ. ಗೇರಿನ ಬೈಕಿಗೆ ಲೈಸೆನ್ಸು 18 ತುಂಬಿದ ಮೇಲೆಯೇ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತನು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಕಾದಿದೆ. ಹಾಗೆಂದು ಪತ್ರಿಕೆಯನ್ನು ಕಸಿದುಕೊಳ್ಳಬೇಡಿ. ಹೊರಗೆ ಹೋಗಿ ನೋಡಬೇಕೆಂಬ ಹಂಬಲ ಆ ವಯಸ್ಸಿಗೆ ತಕ್ಕದ್ದೇ. ಒಂದು ಭಾನುವಾರ ನೀವೇ ಜೊತೆಗೆ ಹೊರಡಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸ. ಬಸ್ಸು ಹತ್ತಿ ಡಂಬಳದಲ್ಲಿ ಇಳಿಯಿರಿ. ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ಗೋಡೆಯನ್ನು ಸುತ್ತಿ ಅದರ ಮೂಲೆಗಳನ್ನು ಎಣಿಸಿ. ಲಕ್ಷ್ಮೇಶ್ವರಕ್ಕೆ ಹೋದರೆ, ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಿದ ಪುಲಿಗೆರೆ ಇದೇ ಎಂದು ನೆನೆಯಿರಿ. ಮಾಗಡಿಯ ಏರಿಯ ಮೇಲೆ ಸದ್ದಿಲ್ಲದೆ ಕುಳಿತು, ಹಕ್ಕಿಗಳು ಯಾವ ಹೊತ್ತಿಗೆ ಯಾವ ದಿಕ್ಕಿಗೆ ಹಾರುತ್ತವೆಂದು ಬರೆದುಕೊಳ್ಳಿ. ನಾಲ್ಕು ಗೆಳೆಯರು ಬರೆದದ್ದನ್ನು ಕೂಡಿಸಿ ಹೊಲಿದರೆ ಕೈಬರಹದ ಪತ್ರಿಕೆ ಸಿದ್ಧ. ಮೇಲೆ ಹೇಳಿದ ಪತ್ರಿಕೆಯ ನುಣುಪು ಕಾಗದ ಅದಕ್ಕಿರಲಿಕ್ಕಿಲ್ಲ. ಆದರೆ ಅದರಲ್ಲಿ ಊರಿನ ಹೆಸರಿರುತ್ತದೆ, ದಾರಿ ತೋರಿಸಿದ ಕುರಿ ಕಾಯುವ ಅಜ್ಜನ ಮಾತಿರುತ್ತದೆ. ಹೊಸ ಪತ್ರಿಕೆಯನ್ನು ವಾಚನಾಲಯದಲ್ಲಿ ಓದಿ, ನಕಾಶೆ ಓದುವುದನ್ನೂ ಗಾಡಿಯ ಜಾಗ್ರತೆಯನ್ನೂ ಅದರಿಂದ ಕಲಿಯಿರಿ. ನೆಲದ ಪರಿಚಯವನ್ನು ಮಾತ್ರ ನೆಲದ ಜನರಿಂದಲೇ ಕೇಳಿ ತಿಳಿಯಬೇಕು.