ಒಂದು ಚಮಚ ಎಂದರೆ ಎಷ್ಟು?

ವೈದ್ಯವೃತ್ತಿಯಲ್ಲಿರುವ ನನ್ನ ಶಿಷ್ಯರೇ, ಈ ಸಲದ ತಕರಾರು ನಿಮ್ಮೊಡನೆ. 'ಜ್ವರದ ಸಿರಪ್, ಒಂದೊಂದು ಚಮಚ' ಎಂದಷ್ಟೇ ಬರೆದ ಚೀಟಿಗಳನ್ನು ನಮ್ಮ ಲಿಂಗಸುಗೂರಿನಲ್ಲಿ ಇಂದಿಗೂ ಕಾಣುತ್ತೇನೆ. ಯಾವ ಚಮಚ? ಎಷ್ಟು ತೂಕದ ಮಗುವಿಗೆ?

ಪ್ಯಾರಸಿಟಮಾಲ್ ಸಿರಪ್ಪಿನ 5 ಮಿ.ಲೀ.ನಲ್ಲಿ 120 ಮಿ.ಗ್ರಾಂ ಔಷಧ ಇರುವುದೂ ಉಂಟು, 250 ಇರುವುದೂ ಉಂಟು. ಒಂದು ಹೊತ್ತಿನ ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ. 10 ಕಿಲೋ ತೂಗುವ ಕೂಸಿಗೆ ಹೆಚ್ಚೆಂದರೆ 150; ಮೊದಲ ಸೀಸೆಯಿಂದಾದರೆ 6 ಮಿ.ಲೀ. ಚಿಲ್ಲರೆ, ಎರಡನೆಯದರಿಂದ ಬರೀ 3. ಶಾಲೆಯ ತ್ರೈರಾಶಿಯಿದು, ನಾನೇ ಕಲಿಸಿದ್ದು! 250ರ ಸೀಸೆಯಿಂದ ಐದೈದು ಮಿ.ಲೀ. ದಿನಕ್ಕೆ ನಾಲ್ಕು ಸಲ ಬಿದ್ದರೆ 1000 ಮಿ.ಗ್ರಾಂ. ಆ ಎಳೆಯ ಯಕೃತ್ತು ಎಷ್ಟು ದಿನ ತಾಳೀತು?

ಹಿರಿಯರ ಪಾಡೂ ಇಷ್ಟೇ. ಸಿಂಧನೂರಿನ ಭತ್ತದ ಗದ್ದೆಯಲ್ಲಿ ದಿನವಿಡೀ ಬೆವರಿಳಿಸಿ ಮೈಕೈನೋವೆಂದು ಬಂದ ಅರವತ್ತರ ಕೂಲಿಕಾರರಿಗೆ ಡೈಕ್ಲೋಫಿನಾಕ್ ಸೂಜಿ ಚುಚ್ಚುವ ಮುನ್ನ, ಅವರು ನೀರು ಕುಡಿದಿದ್ದಾರೆಯೇ, ರಕ್ತದೊತ್ತಡದ ಗುಳಿಗೆ ನುಂಗುತ್ತಾರೆಯೇ ಎಂದು ಕೇಳುವವರೆಷ್ಟು ಮಂದಿ? ನೀರಿನಂಶ ಬತ್ತಿದ ದೇಹದಲ್ಲಿ ಆ ಔಷಧವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ತಗ್ಗಿಸಬಲ್ಲದು. 'ರೋಗಿಗಳೇ ಸೂಜಿ ಬೇಡುತ್ತಾರೆ, ಗುರುಗಳೇ' ಎನ್ನುತ್ತೀರಿ. ನೀವು ಬೇಡಿದಿರೆಂದು ನಾನು ಅಂಕ ಕೊಡುತ್ತಿದ್ದೆನೇ?

ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿಯೇ ನಿಯಮ ಮಾಡಿತು. (ಕಾಪಿ ಬರೆದು ಪಳಗಿದ ಕೈಗಳು ನಿಮ್ಮವೇ ತಾನೆ?) ಅದರೊಡನೆ ಮಗುವಿನ ತೂಕವನ್ನೂ ಮಿಲಿಲೀಟರಿನ ಲೆಕ್ಕವನ್ನೂ ಬರೆಯಿರಿ. ಸೀಸೆಯ ಜೊತೆ ಬರುವ ಅಳತೆಯ ಮುಚ್ಚಳದಲ್ಲಿ ಗೆರೆ ಎಲ್ಲಿದೆಯೆಂದು ತಾಯಿಗೆ ತೋರಿಸಲು ಅರ್ಧ ನಿಮಿಷ ಸಾಕು.