ಮುಚ್ಚಿದ ಬುಟ್ಟಿ

ಮೊನ್ನೆ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಆಕೆಯೂ ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಕುಶಲೋಪರಿಯೆಲ್ಲ ಮುಗಿದ ಮೇಲೆ ತುಸು ಸಂಕೋಚದಿಂದ, "ಸಾರ್, ನನ್ನ ತರಗತಿಯ ಮಕ್ಕಳು ಹತ್ತು ನಿಮಿಷ ಕೂಡ ಗಮನವಿಟ್ಟು ಕೇಳುವುದಿಲ್ಲ. ನಿಮ್ಮ ಪಾಠವನ್ನು ನಾವೆಲ್ಲ ಅಲುಗಾಡದೆ ಕೇಳುತ್ತಿದ್ದೆವು. ಅದರ ಗುಟ್ಟೇನು ಹೇಳಿ ಸಾರ್" ಎಂದು ಕೇಳಿದಳು.

ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ! ಏನೋ ನಾಲ್ಕು ಮಾತು ಹೇಳಿದೆ. ಆದರೆ ಫೋನ್ ಇಟ್ಟ ಮೇಲೆ ಒಂದು ಲೆಕ್ಕ ನೆನಪಾಯಿತು. ಆಕೆ 1996ರ ತಂಡದವಳು. ಅಷ್ಟು ಹೊತ್ತಿಗೆ ನನಗೆ ಹನ್ನೊಂದು ವರ್ಷಗಳ ಅನುಭವವಾಗಿತ್ತು. ಮೊದಲ ಮೂರು ವರ್ಷಗಳಲ್ಲಿ ನನ್ನ ಮುಂದೆ ಕುಳಿತಿದ್ದವರಾರೂ ಈವರೆಗೆ ನನಗೆ ಈ ಪ್ರಶ್ನೆ ಕೇಳಿಲ್ಲ; ಕೇಳುವುದೂ ಇಲ್ಲ. ಅವರಲ್ಲಿ ಕೆಲವರು ಈ ಪುಟವನ್ನು ಓದುತ್ತಾರೆಂದು ಬಲ್ಲೆ. ಈಗ ಅವರು ನಗುತ್ತಿರಬೇಕು. ನಗಲಿ, ಅವರಿಗೆ ಆ ಹಕ್ಕಿದೆ.

ಮೈಸೂರಿನಲ್ಲಿ ಬಿ.ಎಡ್. ಮುಗಿಸಿ 1985ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಪಾಠಯೋಜನೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಪೀಠಿಕೆ, ಉದ್ದೇಶ ನಿರೂಪಣೆ, ವಿಷಯ ಪ್ರತಿಪಾದನೆ, ಪುನರಾವರ್ತನೆ, ಗೃಹಕಾರ್ಯ. ಸೂಕ್ಷ್ಮ ಬೋಧನೆಯ ಅಭ್ಯಾಸದಲ್ಲಿ ಹಿಂದಿನ ಬೆಂಚಿನಲ್ಲಿ ಗಡಿಯಾರ ಹಿಡಿದು ಕುಳಿತ ಅಧ್ಯಾಪಕರು, ನಾನು ಎಷ್ಟು ಬಾರಿ ದನಿ ಏರಿಳಿಸಿದೆ, ಎಷ್ಟು ಬಾರಿ ಕಪ್ಪುಹಲಗೆಯಿಂದ ಈಚೆ ಬಂದೆ ಎಂದು ಗುರುತು ಹಾಕಿಕೊಂಡು ಒಳ್ಳೆಯ ಅಂಕ ಕೊಟ್ಟಿದ್ದರು. ಅಲ್ಲಿ ವಿದ್ಯಾರ್ಥಿಗಳಾಗಿ ಕುಳಿತಿದ್ದವರು ನನ್ನ ಸಹಪಾಠಿಗಳೇ ಆಗಿದ್ದರು ಎಂಬ ಸಂಗತಿಯನ್ನು ಮಾತ್ರ ನಾನು ಮರೆತಿದ್ದೆ. ನಾಳೆ ತಮ್ಮ ಸರದಿ ಇದ್ದವರು ಇಂದು ಆಕಳಿಸುತ್ತಾರೆಯೇ?

ನಿಜವಾದ ತರಗತಿಯಲ್ಲಿ ಮಕ್ಕಳು ಧಾರಾಳವಾಗಿ ಆಕಳಿಸಿದರು. ಇಂದಿನ ಶಿಕ್ಷಕರು, ಪೋಷಕರು ಎಲ್ಲರೂ ಮೊಬೈಲನ್ನು ದೂರುತ್ತಾರೆ. ಆ ಕಾಲದಲ್ಲಿ ನಮ್ಮ ಕಡೆ ಟಿ.ವಿ. ಇದ್ದ ಮನೆಗಳನ್ನೇ ಬೆರಳೆಣಿಸಿ ಹೇಳಬಹುದಿತ್ತು. ಆದರೂ ನನ್ನ ಪಾಠಕ್ಕೆ ನಿದ್ರೆ ಬರುತ್ತಿತ್ತು. ಆದ್ದರಿಂದ ಮೊಬೈಲಿನ ಮೇಲಿನ ದೂರನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ನಮ್ಮ ಊರಿಗೆ ಹೆಸರೇ ಸಂತೆಯಿಂದ ಬಂದದ್ದು. ಶನಿವಾರ ಬಂತೆಂದರೆ ಕೊಡ್ಲಿಪೇಟೆಯ ಕಡೆಯಿಂದ, ಆಚೆ ಹಾಸನ ಜಿಲ್ಲೆಯ ಯಸಳೂರಿನ ಕಡೆಯಿಂದ ಜನ ಬರುತ್ತಾರೆ. ತರಕಾರಿ, ಒಣಮೀನು, ಬೆಲ್ಲ, ಕತ್ತಿ, ಮಂಡಕ್ಕಿ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಮಧ್ಯಾಹ್ನದ ಮೊದಲೇ ಬಿಡುತ್ತಿತ್ತು. ಮಕ್ಕಳು ಚೀಲ ಹೆಗಲಿಗೇರಿಸಿ ನೇರ ಸಂತೆಗೆ ಓಡುತ್ತಿದ್ದರು. 1987ರ ಬೇಸಿಗೆಯ ಮೊದಲಲ್ಲಿ ಒಂದು ಶನಿವಾರ ನಾನೂ ಮನೆಗೆ ತರಕಾರಿ ಕೊಳ್ಳಲು ಹೋಗಿದ್ದೆ. ಒಂದು ಕಡೆ ಜನ ಸುತ್ತುಗಟ್ಟಿ ನಿಂತಿದ್ದರು. ಇಣುಕಿ ನೋಡಿದರೆ ಒಬ್ಬ ಔಷಧ ಮಾರುವವನು. ಅವನ ಮುಂದೆ ಒಂದು ಮುಚ್ಚಿದ ಬಿದಿರಿನ ಬುಟ್ಟಿ, ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ಒಂದು ಮುಂಗುಸಿ. ಮುಂದಿನ ಸಾಲಿನಲ್ಲಿ, ಸುಡುವ ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದವರು ನನ್ನ ಒಂಬತ್ತನೆಯ ತರಗತಿಯ ಹುಡುಗರು! ಎರಡು ಗಂಟೆಯ ಹಿಂದೆ ಇವರಿಗೇ ನಾನು ಯುರೋಪಿಯನ್ನರ ಆಗಮನವನ್ನು ಬೋಧಿಸಿದ್ದೆ. ಆಗ ಅರ್ಧ ಮುಚ್ಚಿದ್ದ ಕಣ್ಣುಗಳು ಈಗ ಪೂರ್ತಿ ತೆರೆದಿದ್ದವು.

ಕೈಚೀಲ ಹಿಡಿದು ನಾನೂ ಹಿಂದೆ ನಿಂತೆ. ಅವನು ಹಾವು ಮುಂಗುಸಿ ಕಾದಾಟ ತೋರಿಸುವುದಾಗಿ ಹೇಳುತ್ತಿದ್ದ. ಬುಟ್ಟಿಯ ಮುಚ್ಚಳದ ಮೇಲೆ ಕೈಯಿಡುವನು, ಎತ್ತುವಂತೆ ಮಾಡುವನು, ಏನೋ ನೆನಪಾದವನಂತೆ ಕೈ ತೆಗೆಯುವನು. ಯಾರಾದರೂ ಹಿಂದೆ ಸರಿದರೆ ಅವನಿಗೆ ತಕ್ಷಣ ಕಾಣುತ್ತಿತ್ತು. "ನೀಲಿ ಅಂಗಿ ಅಣ್ಣಾ, ಮೊಣಕಾಲ್ ನೋವು ನಿಮಗೋ ನಿಮ್ಮ ತಂದೆಗೋ?" ಎನ್ನುವನು, ಆ ಮನುಷ್ಯ ನಿಂತುಬಿಡುವನು. ನಡುವೆ ಎದ್ದು ಹೋದವರು ರಕ್ತ ಕಾರುತ್ತಾರೆಂದು ಹೆದರಿಸಿದ್ದೂ ಉಂಟು. ಮುಕ್ಕಾಲು ಗಂಟೆ ಹೀಗೆ ನಡೆಯಿತು. ತೈಲದ ಶೀಶೆಗಳು ಖರ್ಚಾದವು. ಬುಟ್ಟಿ ಕೊನೆಗೂ ತೆರೆಯಲಿಲ್ಲ. ಅವನು ಅದನ್ನು ತಲೆಯ ಮೇಲಿಟ್ಟುಕೊಂಡು ಬಸ್ಸಿನ ಕಡೆಗೆ ನಡೆದ.

ಈ ಸಂಗತಿಯನ್ನು ನಾನು ಅಲ್ಲಿಗೇ ಮರೆಯುತ್ತಿದ್ದೆನೇನೋ. ಆದರೆ ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ತರಗತಿಯ ಬಾಗಿಲಿಗೆ ಬಂದಾಗ ಒಳಗಿನಿಂದ ಅದೇ ಔಷಧದವನ ದನಿ ಕೇಳಿಸಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮೇಜಿನ ಮೇಲೆ ಡಸ್ಟರ್ ಇಟ್ಟು, ಅದನ್ನೇ ಬುಟ್ಟಿ ಮಾಡಿಕೊಂಡು, ಆ ಮುಕ್ಕಾಲು ಗಂಟೆಯ ಭಾಷಣವನ್ನು ಅಕ್ಷರವೂ ಬಿಡದಂತೆ ಒಪ್ಪಿಸುತ್ತಿದ್ದ. ಹತ್ತು ಹನ್ನೆರಡು ಬೇರಿನ ಹೆಸರುಗಳು, ಅವುಗಳನ್ನು ಯಾವ ಕಾಡಿನಿಂದ ತಂದದ್ದು, ಯಾವ ಎಣ್ಣೆಯಲ್ಲಿ ಎಷ್ಟು ದಿನ ಕಾಯಿಸಿದ್ದು, ಎಲ್ಲವೂ. ಆ ಹುಡುಗನ ಬಗ್ಗೆ ನಾನು ಕೆಲವೇ ದಿನಗಳ ಹಿಂದೆ ಬರೆದಿದ್ದ ಷರಾ ಹೀಗಿತ್ತು: "ಗಮನವಿಲ್ಲ. ನೆನಪಿನ ಶಕ್ತಿ ಕಡಿಮೆ."

ನಾನು ಏನು ಮಾಡಬೇಕಿತ್ತು? ಅವನ ಬೆನ್ನು ತಟ್ಟಬೇಕಿತ್ತು. ನಾನು ಮಾಡಿದ್ದು, ಅವನನ್ನು ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದ್ದು. ಅವಮಾನವಾದದ್ದು ನನಗೆ, ಶಿಕ್ಷೆಯಾದದ್ದು ಅವನಿಗೆ. ಆ ವರ್ಷದ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಜೂನ್ ತಿಂಗಳಲ್ಲಿ ಶಾಲೆಗೆ ಮರಳಲೂ ಇಲ್ಲ. ತಂದೆ ತೋಟದ ಕೆಲಸಕ್ಕೆ ಹಚ್ಚಿದರೆಂದು ಯಾರೋ ಹೇಳಿದರು.

ಅಂದಿನಿಂದ ಆ ಔಷಧದವನನ್ನು ಕುರಿತು ಯೋಚಿಸುತ್ತಲೇ ಬಂದಿದ್ದೇನೆ. ಅವನಲ್ಲಿ ಮೋಸವಿತ್ತು, ಒಪ್ಪಿದೆ. ಆದರೆ ಅವನಿಗೆ ಗೊತ್ತಿದ್ದ ಒಂದು ಸಂಗತಿ ನನಗೆ ಗೊತ್ತಿರಲಿಲ್ಲ. ನಾನು ಬುಟ್ಟಿಯನ್ನು ಬಾಗಿಲಲ್ಲೇ ತೆರೆದು, ತಲೆಕೆಳಗು ಮಾಡಿ ಕೊಡವಿಬಿಡುತ್ತಿದ್ದೆ. "ಇಂದಿನ ಪಾಠ ಯುರೋಪಿಯನ್ನರ ಆಗಮನ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಬರೆದುಕೊಳ್ಳಿ." ಕೇಳುವವನಿಗೆ ಇನ್ನೂ ಪ್ರಶ್ನೆಯೇ ಹುಟ್ಟಿಲ್ಲ, ಆಗಲೇ ಉತ್ತರ ಬಂದು ಕುಳಿತಿದೆ! ಹಸಿವಿಲ್ಲದವನ ಎಲೆಗೆ ಬಡಿಸಿದಂತೆ. ಗಮನ ತಪ್ಪಿದಾಗ ನಮ್ಮ ಕೈಯಲ್ಲಿದ್ದದ್ದು ಒಂದೇ ಅಸ್ತ್ರ: "ಇದು ಪರೀಕ್ಷೆಗೆ ಬರುತ್ತದೆ." ಔಷಧದವನ ರಕ್ತ ಕಾರುವ ಬೆದರಿಕೆಗೂ ಇದಕ್ಕೂ ಏನು ವ್ಯತ್ಯಾಸವೋ ನಾನರಿಯೆ.

ಮರುವರ್ಷ ಅದೇ ಪಾಠ ಬಂದಾಗ ಮನೆಯಿಂದ ಒಂದು ಹಿಡಿ ಒಳ್ಳೆಮೆಣಸನ್ನು ಜೇಬಿಗೆ ಹಾಕಿಕೊಂಡು ಹೋದೆ. ಬೆಂಚಿಗೆ ನಾಲ್ಕು ಕಾಳು ಹಂಚಿದೆ. ತಿನ್ನಬೇಡಿ ಎಂದೆ, ಒಬ್ಬ ತಿಂದ, ಅದು ಬೇರೆ ವಿಷಯ. ಪಾಠದ ಹೆಸರನ್ನು ಹೇಳಲಿಲ್ಲ. "ಇದಕ್ಕಾಗಿ ಒಬ್ಬ ಮನುಷ್ಯ ಹತ್ತು ತಿಂಗಳು ಹಡಗಿನಲ್ಲಿ ಕುಳಿತು ಬಂದ. ಏಕೆ?" ಎಂದಷ್ಟೇ ಕೇಳಿ ಸುಮ್ಮನೆ ನಿಂತೆ. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಅರ್ಧ ನಿಮಿಷ ಒಂದು ಯುಗದಂತೆ ಕಳೆಯಿತು. ಕೊನೆಗೆ ಹುಡುಗಿಯೊಬ್ಬಳು, "ಅವ್ರ ಊರಲ್ಲಿ ಬೆಳೆಯಲ್ವಾ ಸಾರ್?" ಎಂದಳು. ಇನ್ನೊಬ್ಬ, "ಆಗ ರೇಟ್ ಎಷ್ಟಿತ್ತು ಸಾರ್?" ಎಂದ. ಕೊಡಗಿನ ಮಕ್ಕಳಲ್ಲವೇ, ಬೆಲೆಯನ್ನೇ ಕೇಳುತ್ತಾರೆ!

ಆ ಪ್ರಶ್ನೆಯೇ ಪಾಠವನ್ನು ಎಳೆದುಕೊಂಡು ಹೋಯಿತು. ಹಾಲುವಾಣದ ಮರಕ್ಕೆ, ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ದು ಒಣಗಿಸಿ ಅಪ್ಪ ಯಾರಿಗೆ ಮಾರುತ್ತಾರೆ? ಅವರು ಯಾರಿಗೆ ಮಾರುತ್ತಾರೆ? ನಡುವೆ ಎಷ್ಟು ಕೈ? ದಲ್ಲಾಳಿ ಎಂದರೇನೆಂದು ನಮ್ಮ ಮಕ್ಕಳಿಗೆ ಯಾವ ಪಠ್ಯಪುಸ್ತಕವೂ ಕಲಿಸಬೇಕಿಲ್ಲ. ಮಲಬಾರಿನಿಂದ ಅರಬ್ ವ್ಯಾಪಾರಿಗಳ ಕೈಗೆ, ಅವರಿಂದ ವೆನಿಸ್ಸಿನವರ ಕೈಗೆ, ಅಲ್ಲಿಂದ ಯುರೋಪಿನ ಅಡುಗೆಮನೆಗೆ. ಮೆಣಸಿನ ಕಾಳುಗಳನ್ನೇ ಗೇಣಿಯಾಗಿ ಕೊಡುವ ರೂಢಿಯೂ ಆ ದೇಶಗಳಲ್ಲಿತ್ತೆಂದಾಗ ಹುಡುಗರು ತಮ್ಮ ಅಂಗೈಯಲ್ಲಿದ್ದ ಕಾಳುಗಳನ್ನು ಮತ್ತೊಮ್ಮೆ ನೋಡಿಕೊಂಡರು. ದಲ್ಲಾಳಿಗಳನ್ನು ತಪ್ಪಿಸಿ ನೇರವಾಗಿ ಬೆಳೆಗಾರನ ಬಾಗಿಲಿಗೇ ಬಂದರೆ? ಅವನೇ ವಾಸ್ಕೋ ಡ ಗಾಮ. 1497ರ ಜುಲೈಯಲ್ಲಿ ಲಿಸ್ಬನ್ ಬಿಟ್ಟು, 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ತಲುಪಿದ. ಅದೂ ದೂರದ ಊರಲ್ಲ. ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕರಾವಳಿಯಲ್ಲೇ ಇದೆ. ಸಾಮೂದಿರಿ ರಾಜನಿಗೆ ಅವನು ಕೊಡಲು ತಂದಿದ್ದ ಕಾಣಿಕೆಯ ಪಟ್ಟಿ ಓದಿದೆ: ಬಟ್ಟೆ, ಆರು ಟೋಪಿ, ಹವಳದ ಸರ, ಕೈತೊಳೆಯುವ ಬೋಗುಣಿಗಳು, ಸಕ್ಕರೆ, ಎಣ್ಣೆ, ಜೇನು. ಜೇನು ಎಂದೊಡನೆ ತರಗತಿ ನಕ್ಕಿತು. ಕಲ್ಲಿಕೋಟೆಯ ಅಧಿಕಾರಿಗಳೂ ಹೀಗೆಯೇ ನಕ್ಕಿದ್ದರೆಂದು ನಾನು ಹೇಳಿದೆ. ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ ಎಂದು ಬರೆದರೆ ಉತ್ಪ್ರೇಕ್ಷೆಯಾದೀತು. ಕೇಳಿಸಿತು, ಆದರೆ ಯಾರೂ ತಕ್ಷಣ ಏಳಲಿಲ್ಲ.

ಅಮೆರಿಕದ ವಿಲಿಯಂ ಜೇಮ್ಸ್ 1899ರಲ್ಲಿ ಶಿಕ್ಷಕರಿಗಾಗಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಇದನ್ನೇ ಹೇಳಿದ್ದಾನೆ: ರುಚಿಯಿಲ್ಲದ ವಿಷಯವನ್ನು, ಮಗುವಿಗೆ ಆಗಲೇ ರುಚಿಸಿರುವ ಯಾವುದಕ್ಕಾದರೂ ಗಂಟು ಹಾಕಬೇಕೆಂದು. ಆ ಹೆಸರನ್ನು ನಾನು ಬಿ.ಎಡ್. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅರ್ಥವಾಗಲು ಸಂತೆಗೆ ಹೋಗಬೇಕಾಯಿತು.

ಇಲ್ಲಿ ಒಂದು ಅಪಾಯವಿದೆ. ಇದನ್ನೋದಿದ ಕಿರಿಯ ಶಿಕ್ಷಕರು, ಹಾಗಾದರೆ ಕುತೂಹಲ ಕೆರಳಿಸುವುದೇ ಬೋಧನೆ, ಜೋಕು ಹೇಳಿ ನಗಿಸುವುದೇ ಬೋಧನೆ ಎಂದು ತಿಳಿಯಬಾರದು. ನಗಿಸುವ ಭಾಷಣಕಾರರನ್ನು ಬೇಕಾದಷ್ಟು ಕೇಳಿದ್ದೇನೆ. ನಗೆ ನೆನಪಿದೆ, ವಿಷಯ ನೆನಪಿಲ್ಲ. (ನಗಿಸದ ಭಾಷಣಕಾರರನ್ನು ಇನ್ನೂ ಹೆಚ್ಚು ಕೇಳಿದ್ದೇನೆ. ಒಂದು ರಾಜ್ಯೋತ್ಸವದಂದು ಅತಿಥಿಗಳು "ಎರಡೇ ಮಾತು" ಎಂದು ಆರಂಭಿಸಿ ಒಂದೂವರೆ ಗಂಟೆ ಮಾತನಾಡಿದರು. ಮಕ್ಕಳ ಕಣ್ಣೆಲ್ಲ ಲಾಡುವಿನ ಪಾತ್ರೆಯ ಮೇಲಿತ್ತು.)

ಗುಟ್ಟು ಮುಚ್ಚಿಡುವುದೊಂದೇ ದಾರಿಯಲ್ಲವೆಂದು ನನಗೆ ತೋರಿಸಿಕೊಟ್ಟವರು ಶೇಣಿ ಗೋಪಾಲಕೃಷ್ಣ ಭಟ್ಟರು. ಸುಳ್ಯದ ಕಡೆಯ ನೆಂಟರ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಅವರ ತಾಳಮದ್ದಳೆ ಕೇಳುವ ಭಾಗ್ಯ ಒದಗಿತ್ತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆಶುವಾಗಿ ಮಾತನಾಡುತ್ತಾರೆ. ಅಂದು ಅವರದು ವಾಲಿ. ವಾಲಿ ರಾಮಬಾಣಕ್ಕೆ ಸಾಯುತ್ತಾನೆಂದು ಅಂಗಳದಲ್ಲಿ ಕುಳಿತ ಮಗುವಿಗೂ ಗೊತ್ತು. ಬುಟ್ಟಿ ತೆರೆದೇ ಇದೆ! ಆದರೂ ಜನ ನಡುರಾತ್ರಿಯವರೆಗೆ ಕದಲಲಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ವಾಲಿ ಇಂದು ಏನು ಕೇಳುತ್ತಾನೆ, ರಾಮ ಏನು ಉತ್ತರಿಸುತ್ತಾನೆ ಎಂಬುದೇ ಅಲ್ಲಿ ಪ್ರಶ್ನೆ. ಶೇಣಿಯವರು ವಾಲಿಯ ಪಕ್ಷವನ್ನು ಎತ್ತಿ ಹಿಡಿದಂತೆಲ್ಲ, ರಾಮಭಕ್ತರಾದ ನಮ್ಮ ಚಿಕ್ಕಪ್ಪ ಪಕ್ಕದಲ್ಲಿ ಚಡಪಡಿಸುತ್ತಿದ್ದರು. ಕಥೆ ಗೊತ್ತಿದ್ದರೂ ತೀರ್ಪು ಕೊಡಬೇಕಾದವನು ಕೇಳುಗ. 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಆ ಮಹಾನುಭಾವರ ಮುಂದೆ ನಮ್ಮ ಬಿ.ಎಡ್. ಕೌಶಲಗಳೆಲ್ಲ ಸಪ್ಪೆ.

ಬರಹದಲ್ಲಿ ಈ ವಿದ್ಯೆ ಬಲ್ಲವರು ಬಿ.ಜಿ.ಎಲ್. ಸ್ವಾಮಿಯವರು. ಸಸ್ಯಶಾಸ್ತ್ರದಂಥ ವಿಷಯವನ್ನು, ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆಯಾಗಿ 'ಹಸುರು ಹೊನ್ನು' ಎಂದು ಬರೆದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ಇನ್ನೊಂದು ಪುಸ್ತಕದ ಹೆಸರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ'. ಹೆಸರೇ ಒಂದು ಮುಚ್ಚಿದ ಬುಟ್ಟಿ. ತೆರೆದರೆ ಒಳಗೆ ನಿಜವಾಗಿಯೂ ಆಲೂಗಡ್ಡೆ, ಮೆಣಸಿನಕಾಯಿಗಳ ಚರಿತ್ರೆಯಿದೆ. ಕೆರಳಿಸಿದ ಕುತೂಹಲದ ಸಾಲವನ್ನು ಬಡ್ಡಿಸಹಿತ ತೀರಿಸುವ ಪುಸ್ತಕ ಅದು.

ಮೊಬೈಲಿನ ಮೇಲಿನ ದೂರನ್ನು ಅರ್ಧ ಒಪ್ಪುತ್ತೇನೆಂದೆನಲ್ಲ, ಆ ಅರ್ಧ ಇದು: ಅದರೊಳಗೆ ಬರುವ ಬಹುಪಾಲು ವಿಡಿಯೋಗಳು ಔಷಧದವನ ಸಂತಾನ. "ಕೊನೆಯವರೆಗೆ ನೋಡಿ, ಬೆಚ್ಚಿಬೀಳುತ್ತೀರಿ" ಎನ್ನುತ್ತವೆ. ಕೊನೆಯಲ್ಲಿ ಏನೂ ಇರುವುದಿಲ್ಲ. ಮತ್ತೊಂದು ಬುಟ್ಟಿ ಬರುತ್ತದೆ. ನನ್ನ ಮೊಮ್ಮಗ ಗಂಟೆಗಟ್ಟಲೆ ಅದನ್ನು ನೋಡುವಾಗ ಅವನಲ್ಲಿ ಏಕಾಗ್ರತೆಯ ಕೊರತೆ ನನಗೆ ಕಾಣುವುದಿಲ್ಲ. ಇಷ್ಟೊಂದು ತಾಳ್ಮೆಯನ್ನು ಏನೂ ಕೊಡದವರು ಕೊಳ್ಳೆ ಹೊಡೆಯುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯುತ್ತದೆ. (ನನ್ನ ಮನೆಯವಳು ಇದನ್ನು ಕೇಳಿ, "ನಿಮ್ಮ ಕಥೆಗಳಿಗೆ ಬುಟ್ಟಿಯೂ ಇಲ್ಲ, ಮುಚ್ಚಳವೂ ಇಲ್ಲ, ಮುಗಿಯುವುದೂ ಇಲ್ಲ" ಎಂದಳು. ಅದನ್ನೂ ದಾಖಲಿಸಿದ್ದೇನೆ.)

ಬೆಂಚಿನ ಮೇಲೆ ನಿಲ್ಲಿಸಿದ ಆ ಹುಡುಗನಿಗೆ ಮೆಣಸಿನ ಪಾಠ ಸಿಗಲಿಲ್ಲ. ಒಂದು ವರ್ಷ ತಡವಾಯಿತು. ಕಳೆದ ಶನಿವಾರ ಸಂತೆಯ ಹತ್ತಿರ ಅವನೇ ನನ್ನನ್ನು ಗುರುತಿಸಿ ಮಾತನಾಡಿಸಿದ. ತಲೆ ನರೆತಿದೆ. ಬೆಳೆಗಾರರಿಂದ ಕಾಫಿ, ಮೆಣಸು ಕೊಂಡು ಮಾರುವ ಸಣ್ಣ ವ್ಯಾಪಾರ. ಅಂಗಡಿಯಲ್ಲಿ ಸ್ಟೂಲು ಹಾಕಿ ಕೂರಿಸಿ ಕಾಫಿ ತರಿಸಿದ. ಮೂಟೆಯ ಬಾಯಿ ತೆರೆದಿತ್ತು, ನಾನು ಒಂದು ಹಿಡಿ ಮೆಣಸು ಕೈಗೆ ತೆಗೆದುಕೊಂಡು, "ಇದಕ್ಕೋಸ್ಕರ ಒಬ್ಬ ಹತ್ತು ತಿಂಗಳು ಹಡಗಿನಲ್ಲಿ ಬಂದಿದ್ದ, ಗೊತ್ತೇನಪ್ಪ?" ಎಂದೆ.

"ಯಾರು ಮೇಷ್ಟ್ರೇ?" ಎಂದು ತಕ್ಕಡಿ ಬಿಟ್ಟು ಬಂದ.

ದಲ್ಲಾಳಿಗಳ ವಿಷಯ ಬಂದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಕಸುಬೇ ಅದಲ್ಲವೇ. ಸಾಮೂದಿರಿಯ ಆಸ್ಥಾನದವರೆಗೆ ಬಂದಿದ್ದೆವು, ಅಷ್ಟರಲ್ಲಿ ಜೀಪಿನಲ್ಲಿ ನಾಲ್ಕು ಮೂಟೆ ಬಂದು ಇಳಿಯಿತು. ನಾನು ಎದ್ದೆ. ಬೆಂಚಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಾರದೆ ಹೋದೆ. "ಟೋಪಿ ಬೋಗುಣಿ ತಗೊಂಡು ಹೋದ್ನಲ್ಲ, ರಾಜ ಮೆಣಸು ಕೊಟ್ನೋ ಇಲ್ವೋ? ಬರೋ ಶನಿವಾರ ಬಂದು ಹೇಳಿ ಮೇಷ್ಟ್ರೇ" ಎಂದ.

ಇಂದು ಗುರುವಾರ.