ಓಡುತ್ತಿದೆ ಎಂದರೆ ಸುರಕ್ಷಿತ ಎಂದಲ್ಲ

ಎಸಿ ಕೊಳ್ಳಲು ಅಂಗಡಿಗೆ ಹೋದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ಟನ್? ಎಷ್ಟು ಸ್ಟಾರ್? ಇಎಂಐ ಇದೆಯಾ? ಫಿಟ್ಟಿಂಗ್ ಫ್ರೀನಾ? ಇದಕ್ಕೆ ಎಂಥ ವೈರು ಬೇಕು, ನಮ್ಮ ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ಕೇಳುವವರು ಅಪರೂಪ. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಎಸಿಯನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಚಳಿಗಾಲಕ್ಕೆ ಗೀಸರ್ ಬೇಕೇ ಬೇಕು. ಆದರೆ ಎಷ್ಟೋ ಮನೆಗಳಲ್ಲಿ ಯಂತ್ರ ಹೊಸದು, ಅದಕ್ಕೆ ಕರೆಂಟು ಕೊಡುವ ವೈರಿಂಗ್ ಹಳೆಯದು. ನನ್ನ ತಕರಾರು ಇರುವುದು ಇಲ್ಲೇ.

ಲೆಕ್ಕ ಸರಳ. 3 ಕಿಲೋವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಒಂದೂವರೆ ಟನ್‌ನ ಎಸಿ ಪೂರ್ತಿ ಓಡುವಾಗ ಏಳೆಂಟು ಆಂಪಿಯರ್ ಬೇಡುತ್ತದೆ, ಅದೂ ರಾತ್ರಿಯಿಡೀ. ಲೈಟು, ಫ್ಯಾನುಗಳಿಗೆಂದು ಎಳೆದ ಸಣ್ಣ ವೈರಿನ ಮೇಲೆ ಈ ಹೊರೆ ಹಾಕಿದರೆ ಅದು ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಹಾಗಾಗಿಯೇ ಎಸಿಗೆ ಡಿಬಿಯಿಂದ ನೇರವಾಗಿ ಪ್ರತ್ಯೇಕ ಲೈನ್ ಎಳೆಯಬೇಕು. ಅದಕ್ಕೆ ಸಾಮಾನ್ಯವಾಗಿ 4 ಚದರ ಮಿಲಿಮೀಟರ್‌ನ ತಾಮ್ರದ ವೈರು, ಅದಕ್ಕೆ ತಕ್ಕ ಎಂಸಿಬಿ ಇರುವುದು ಒಳ್ಳೆಯ ರೂಢಿ. ಎಂಸಿಬಿ ಪದೇ ಪದೇ ಬೀಳುತ್ತಿದೆಯೆಂದು ವೈರು ಬದಲಿಸದೆ ದೊಡ್ಡ ಎಂಸಿಬಿ ಹಾಕಿಸುವವರಿದ್ದಾರೆ. ಅದು ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ದಾರಿ ಬಿಟ್ಟಂತೆ.

ಎಂಸಿಬಿ ಇದ್ದರೆ ಎಲ್ಲ ಸರಿ ಎಂಬುದೂ ಅರ್ಧ ಸತ್ಯ. ಸಾಕೆಟ್ಟಿನ ಸ್ಕ್ರೂ ಸಡಿಲವಾಗಿ ಅಲ್ಲಿ ಪ್ಲಾಸ್ಟಿಕ್ ಕರಗುತ್ತಿದ್ದರೂ ಹರಿಯುವ ಕರೆಂಟು ಎಂದಿನಷ್ಟೇ ಇರುತ್ತದೆ. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಮೊದಲು ಗೊತ್ತಾಗುವುದು ನಮ್ಮ ಮೂಗಿಗೆ. ಸುಟ್ಟ ವಾಸನೆ ಬಂದರೂ, ಪ್ಲಗ್ ಕೈಗೆ ಬಿಸಿ ತಾಗಿದರೂ ‘ಪರವಾಗಿಲ್ಲ, ನಡೀತಿದೆಯಲ್ಲ’ ಎಂದು ಸುಮ್ಮನಿರುವುದು ನಮ್ಮ ಅಭ್ಯಾಸ.

ಈ ‘ನಡೀತಿದೆಯಲ್ಲ’ ಎಂಬ ಮಾತಿಗೆ ಮೊದಲು ಬಲಿಯಾಗುವುದು ಅರ್ಥ್ ವೈರ್. ಅದಿಲ್ಲದಿದ್ದರೂ ಎಸಿ ತಣ್ಣನೆಯ ಗಾಳಿ ಕೊಡುತ್ತದೆ, ಗೀಸರ್ ನೀರು ಕಾಯಿಸುತ್ತದೆ. ಒಳಗಿನ ಇನ್ಸುಲೇಷನ್ ಕೆಟ್ಟು ಯಂತ್ರದ ಲೋಹದ ಮೈಗೆ ಕರೆಂಟು ತಾಗಿದ ದಿನವೇ ಅದರ ಬೆಲೆ ತಿಳಿಯುವುದು. ಅರ್ಥ್ ವೈರ್ ಇದ್ದರೆ ಕರೆಂಟು ಆ ದಾರಿಯಲ್ಲಿ ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಒದ್ದೆ ಕೈಯಲ್ಲಿ ಮುಟ್ಟಿದ ಮನುಷ್ಯನೇ ದಾರಿಯಾಗುತ್ತಾನೆ. ಕೆಲವು ಹತ್ತು ಮಿಲಿ ಆಂಪಿಯರ್ ಹೃದಯದ ಬಡಿತವನ್ನು ಕೆಡಿಸಲು ಸಾಕು. 16 ಆಂಪಿಯರ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಬಾರದ ಕರೆಂಟು. ಎಂಸಿಬಿ ಕಾಯುವುದು ವೈರನ್ನು, ನಮ್ಮನ್ನಲ್ಲ.

ನಮ್ಮನ್ನು ಕಾಯಲು ಇರುವುದು ಆರ್‌ಸಿಸಿಬಿ. ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ಅದು ಹೋಲಿಸಿ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಕಣ್ಣು ಮಿಟುಕಿಸುವ ಹೊತ್ತಿಗೆ ಲೈನ್ ಕಡಿಯುತ್ತದೆ. ಅದರ ಮೇಲಿರುವ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಆದರೆ ಗುಂಡಿ ಒತ್ತಿದಾಗ ಅದು ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಸರಿಯಿದೆ ಎಂದಲ್ಲ. ಅದನ್ನು ಅಳತೆ ಮಾಡಿಯೇ ತಿಳಿಯಬೇಕು. ಅರ್ಥಿಂಗ್ ಇಲ್ಲದ ಕಡೆ ಸಾಕೆಟ್ಟಿನಲ್ಲೇ ನ್ಯೂಟ್ರಲ್ ಮತ್ತು ಅರ್ಥ್ ಎರಡನ್ನೂ ಸೇರಿಸಿಬಿಡುವ ಜುಗಾಡ್ ಇನ್ನೂ ಅಪಾಯಕಾರಿ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಯಂತ್ರದ ಮೈಗೇ ಕರೆಂಟು ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ಏಕೆ ನಡೆಯುತ್ತದೆ? ಹೊಣೆ ಯಾರದೆಂದು ನಿರ್ಧಾರವಾಗದಿರುವುದೇ ಕಾರಣ. ಫಿಟ್ಟಿಂಗ್‌ಗೆ ಬಂದ ಹುಡುಗ ‘ಪಾಯಿಂಟ್ ಕೊಡಿ, ಜೋಡಿಸ್ತೀನಿ’ ಎನ್ನುತ್ತಾನೆ. ಪಾಯಿಂಟ್ ಮನೆ ಮಾಲೀಕರದು. ಮಾಲೀಕರು ‘ಬಾಡಿಗೆಯವರು ಎಸಿ ಹಾಕಿಸಿಕೊಂಡರೆ ನಾನೇನು ಮಾಡಲಿ’ ಎನ್ನುತ್ತಾರೆ. ನಮ್ಮಂಥ ಪಿಜಿ, ರೂಮುಗಳ ಹುಡುಗರು ‘ಎರಡು ವರ್ಷದ ಮಾತು’ ಎಂದುಕೊಂಡು 16 ಆಂಪಿಯರ್‌ನ ದಪ್ಪ ಪ್ಲಗ್ಗನ್ನು ಅಡಾಪ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುತ್ತೇವೆ. ಎಲ್ಲರೂ ತಮ್ಮ ಪಾಲಿನ ಕೆಲಸ ಮುಗಿಸಿರುತ್ತಾರೆ, ವೈರನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಎಸಿ ಮಾರುವವರು ಫಿಟ್ಟಿಂಗ್‌ಗೆ ಮೊದಲು ಲೈನ್, ಎಂಸಿಬಿ, ಅರ್ಥಿಂಗ್ ಪರೀಕ್ಷಿಸಿ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡುವುದು ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ. ಬಾಡಿಗೆ ಕರಾರಿನಲ್ಲೂ ಈ ಒಂದು ಸಾಲು ಇರಲಿ.

ಖರ್ಚು ಹೆಚ್ಚಾಗುತ್ತದೆ ಎಂಬ ಮಾತು ಬಂದೇ ಬರುತ್ತದೆ. ಆರ್‌ಸಿಸಿಬಿಗೆ ತಗಲುವುದು ಎಸಿಯ ಬೆಲೆಯ ಸಣ್ಣ ಪಾಲು. ಸ್ಟಾರ್ ಒಂದು ಹೆಚ್ಚಿರಲಿ ಎಂದು ಸಾವಿರಾರು ರೂಪಾಯಿ ಸೇರಿಸಿ ಕೊಡುವ ನಾವು ಇಲ್ಲಿ ಮಾತ್ರ ಚೌಕಾಸಿಗೆ ನಿಲ್ಲುತ್ತೇವೆ. ಎಲೆಕ್ಟ್ರಿಷಿಯನ್‌ಗಳನ್ನೇ ದೂರುವುದೂ ನ್ಯಾಯವಲ್ಲ. ‘ಹೊಸ ಲೈನ್ ಎಳೀಬೇಕು ಸಾರ್’ ಎಂದವರಿಗೆ ‘ಇರೋದ್ರಲ್ಲೇ ಅಡ್ಜಸ್ಟ್ ಮಾಡಪ್ಪ’ ಎನ್ನುವವರು ನಾವೇ.

ಹಾಗೆಂದು ವಿಡಿಯೊ ನೋಡಿ ನಾವೇ ಸ್ಕ್ರೂಡ್ರೈವರ್ ಹಿಡಿಯಬೇಕಿಲ್ಲ. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ಮೇಲೆ ಕೂರಿಸಿದ್ದರೆ ಆಫ್ ಮಾಡಿದ ಮೇಲೂ ಫೇಸ್ ಜೀವಂತವಾಗಿರುತ್ತದೆ. ಇನ್ವರ್ಟರ್ ಎಸಿಯ ಕೆಪ್ಯಾಸಿಟರ್‌ಗಳಲ್ಲಿ ಕರೆಂಟು ತೆಗೆದ ಮೇಲೂ ಕೆಲವು ನಿಮಿಷ ಚಾರ್ಜ್ ಉಳಿದಿರುತ್ತದೆ. ಒಳಗಿನ ಯೂನಿಟ್ಟಿನಿಂದ ಹೊರಗಿನದಕ್ಕೆ ಹೋಗುವ ವೈರುಗಳನ್ನು ಅದಲು ಬದಲು ಮಾಡಿದರೆ ಬೋರ್ಡೇ ಸುಡಬಹುದು. ಇದು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರ ಕೆಲಸ. ನಮ್ಮ ಕೆಲಸ ಪ್ರಶ್ನೆ ಕೇಳುವುದು: ಪ್ರತ್ಯೇಕ ಲೈನ್ ಇದೆಯೇ? ಮಧ್ಯೆ ಟೇಪ್ ಸುತ್ತಿದ ಜಾಯಿಂಟ್ ಇದೆಯೇ? ಅರ್ಥಿಂಗ್ ಅಳೆದಿರಾ? ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನದೇ?

ಪರೀಕ್ಷೆಯಲ್ಲಿ ಅರ್ಥಿಂಗ್ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆಯುವ ನಾವು ನಮ್ಮ ರೂಮಿನ ಡಿಬಿಯಲ್ಲಿ ಏನೇನಿದೆ ಎಂದು ಹೇಳಲಾರೆವು. ಐಟಿಐ ಮುಗಿಸಿದ ವೈರ್‌ಮನ್‌ಗೆ ಅದು ಗೊತ್ತು. ಆದರೂ ಸಮಾಜದ ಕಣ್ಣಿಗೆ ಅವನು ಕೆಳಗೆ, ನಾವು ಮೇಲೆ. ಕೆಲಸ ಹುಡುಕುವ ಗೆಳೆಯರಿಗೂ ಹೇಳುತ್ತೇನೆ, ಇದು ಎಸಿ ಹೆಚ್ಚುತ್ತಿರುವ ಕಾಲ. ಸರಿಯಾಗಿ ವೈರಿಂಗ್ ಮಾಡಬಲ್ಲವರ, ಮಾಡಿದ್ದನ್ನು ಪರೀಕ್ಷಿಸಬಲ್ಲವರ ಅಗತ್ಯವೂ ಹೆಚ್ಚುತ್ತದೆ. ಈ ಕೌಶಲಕ್ಕೆ ಮರ್ಯಾದೆ ಕೊಟ್ಟು, ನ್ಯಾಯವಾದ ಕೂಲಿ ಕೊಟ್ಟು, ಬರೆದ ಲೆಕ್ಕ ಕೇಳುವುದನ್ನು ಕಲಿತರೆ ಎಷ್ಟೋ ಮನೆಗಳಲ್ಲಿ ಅನಾಹುತ ತಪ್ಪುತ್ತದೆ.